ಕೈಕೆಲಸ ಬೀರೋದು

ಮಾತಾಡುತ್ತಿರುವವರು ಇಬ್ಬರು. ಒಬ್ಬರು ಪೀಣ್ಯದ ಮಗ್ಗುಲಿನ ದಾಸರಹಳ್ಳಿಯವರು, ಜಾಲಹಳ್ಳಿಯ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯಿಂದ ನಿವೃತ್ತರು. ಇನ್ನೊಬ್ಬಳು ಅವರ ಅಣ್ಣನ ಮಗಳು, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಕೆಲಸದವಳು.

— ಅತ್ತೆ, ನಮ್ಮ ಅಪಾರ್ಟ್‌ಮೆಂಟಲ್ಲಿ ಒಂದು ಹೊಸ ಪದ್ಧತಿ ಶುರು ಮಾಡಿದೀವಿ. ಹತ್ತು ಜನ ಸೇರೋದು. ಒಬ್ಬೊಬ್ಬರೂ ಅಂಗೈಯಲ್ಲಿ ಹಿಡಿಸೋ ಅಂಥದ್ದು ಏನಾದ್ರೂ ಒಂದನ್ನ ಒಂಬತ್ತು ಸಲ ಮಾಡೋದು. ಎಲ್ಲಾನೂ ಒಬ್ಬರ ಮನೆಗೆ ತಲುಪಿಸಿದ್ರೆ ಅವರು ಹಂಚಿ ಕೊಡ್ತಾರೆ. ಒಂಬತ್ತು ಕೊಟ್ಟವಳಿಗೆ ಒಂಬತ್ತು ಬೇರೆ ಬೇರೆ ಸಿಗತ್ತೆ. ದುಡ್ಡಿನ ಮಾತಿಲ್ಲ. ಅಂಗಡೀದು ತಂದು ಕೊಡೋ ಹಾಗಿಲ್ಲ.

— ಇದರಲ್ಲಿ ಹೊಸದೇನು ಬಂತೇ? ಸಂಕ್ರಾಂತಿಗೆ ಎಳ್ಳು ಬೀರೋದು ಮತ್ತೇನು?

— ಎಳ್ಳು ತಿಂದ್ರೆ ಮುಗೀತು. ನಮ್ಮದು ಉಳಿಯೋ ವಸ್ತು.

— ಸಕ್ಕರೆ ಅಚ್ಚು ನೀನು ತಿಂದು ಮುಗಿಸ್ತಿದ್ದೆಯಾ? ಇರುವೆ ಮುತ್ತೋವರೆಗೂ ಷೋಕೇಸಲ್ಲಿ ಇಟ್ಕೊಂಡಿರ್ತಿದ್ದೆ. ಆ ಕೆಲಸ ಎಂಥದ್ದು ಗೊತ್ತಾ? ಮರದ ಅಚ್ಚುಗಳನ್ನ ಹಿಂದಿನ ರಾತ್ರಿಯೇ ನೀರಲ್ಲಿ ನೆನೆಹಾಕಬೇಕು, ಇಲ್ಲದಿದ್ರೆ ಪಾಕ ಮರಕ್ಕೆ ಕಚ್ಕೊಂಡು ಬಿಡತ್ತೆ. ಸಕ್ಕರೆಗೆ ನೀರು ಹಾಕಿ ಕುದಿಸಿ, ಸ್ವಲ್ಪ ಹಾಲು ಬಿಟ್ಟು, ಮೇಲೆ ಬಂದ ಕೊಳೆ ತೆಗೆದು, ಬಟ್ಟೆಯಲ್ಲಿ ಸೋಸಬೇಕು. ಆಮೇಲೆ ಒಂದೊಂದು ಸೌಟಷ್ಟೇ ಬೇರೆ ಪಾತ್ರೆಗೆ ಹಾಕ್ಕೊಂಡು, ಕಾಯಿಸ್ತಾ ತಿರುವುತ್ತಾ, ಬೆಳ್ಳಗೆ ನೊರೆ ಕಟ್ಟೋ ಹೊತ್ತಿಗೆ ಸರಿಯಾಗಿ ಅಚ್ಚಿಗೆ ಹುಯ್ಯಬೇಕು. ಮುಂಚೆ ಹುಯ್ದ್ರೆ ಗಟ್ಟಿಯಾಗಲ್ಲ. ತಡ ಆದ್ರೆ ಪಾತ್ರೆಯಲ್ಲೇ ಕಲ್ಲು. ಗಿಣಿಯ ಕೊಕ್ಕು ಮುರೀದ ಹಾಗೆ ಅಚ್ಚು ಬಿಚ್ಚೋದಂತೂ ಬೇರೆಯೇ ವಿದ್ಯೆ. ಎದುರುಮನೆಯಾಕೆ ತಟ್ಟೆ ಇಸ್ಕೊಂಡವಳೇ ಎಳ್ಳಿನ ಕಡೆ ಕಣ್ಣೆತ್ತಿಯೂ ನೋಡ್ತಿರಲಿಲ್ಲ. ಮೊದಲು ಗಿಣಿಯ ಕೊಕ್ಕು ನೋಡ್ತಿದ್ದಳು.

— ಯಾಕೆಂದ್ರೆ ಅವರ ಮನೇಲಿ ಅದು ಮುರಿದಿರ್ತಿತ್ತು.

— ಹೂಂ ಮತ್ತೆ! ಮುರಿದವಳಿಗೇ ಗೊತ್ತಾಗೋದು, ಮುರೀದೇ ಇರೋದು ಎಷ್ಟು ಕಷ್ಟ ಅಂತ.

— ನಮ್ಮಲ್ಲೂ ಹೀಗೇ ಆಯ್ತು. ಕೋಲ್ಕತ್ತದ ಕಡೆಯವರು ಒಬ್ಬರಿದ್ದಾರೆ, ಕಾಂಥಾ ಹೊಲಿಗೆ ಹಾಕಿದ ಬಟ್ಟೆಯ ಬುಕ್‌ಮಾರ್ಕ್ ಮಾಡಿಕೊಟ್ರು. ನಾವೆಲ್ಲ ಮುಂದೆ ನೋಡಿ ಚೆನ್ನಾಗಿದೆ, ಚೆನ್ನಾಗಿದೆ ಅಂದ್ವಿ. ಧಾರವಾಡದವರೊಬ್ಬರು ಮಾತೇ ಆಡಲಿಲ್ಲ, ತಿರುಗಿಸಿ ಹಿಂಬದಿ ನೋಡಿದ್ರು. ಆ ಬಂಗಾಳಿ ಹೆಂಗಸಿನ ಮುಖ ಅರಳಿದ್ದು ಆಗಲೇ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರಲ್ಲ.

— ಕಸೂತಿ ಹಾಕೋರು ಹಿಂಬದಿಯೇ ನೋಡೋದು. ಗವಂತಿ, ಮುರ್ಗಿ ಈ ಎರಡು ಹೊಲಿಗೆ ಎರಡು ಮಗ್ಗುಲಲ್ಲೂ ಒಂದೇ ಥರ ಕಾಣ್ಬೇಕು. ಎಲ್ಲೂ ಗಂಟು ಹಾಕೋ ಹಾಗಿಲ್ಲ. ಬಟ್ಟೆ ಮೇಲೆ ಗೆರೆ ಬರ್ಕೊಳ್ಳೋ ಹಾಗಿಲ್ಲ, ಎಳೆ ಎಣಿಸಿಯೇ ಸೂಜಿ ಹಾಕ್ಬೇಕು. ಗೋಪುರ ಹಾಕ್ತಾ ಒಂದು ಎಳೆ ತಪ್ಪಿದ್ರೆ ಅಲ್ಲೀವರೆಗೂ ಬಿಚ್ಚಬೇಕು. ಇಲಕಲ್ ಸೀರೆಯ ಮೇಲೆ ಕೂತು ಹಾಗೆ ಹಾಕಿದವಳ ಕಣ್ಣು ಮುಂದಿನ ಅಂದಕ್ಕೆ ಮರುಳಾಗತ್ತಾ? ನಮ್ಮ ಕಾರ್ಖಾನೆಯಲ್ಲೂ ಇದೇ. ಹೊರಗಿನ ಜನಕ್ಕೆ ಗಡಿಯಾರದ ಮುಖ. ಜೋಡಣೆ ಸಾಲಿನಲ್ಲಿ ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು ಕೂತ ನಮಗೆ ಒಳಗಿನ ಸಮತೋಲನ ಚಕ್ರ.

— ಅಂಗಡಿಯಲ್ಲಿ ಕೊಂಡವರು ಬೆಲೆ ಎಷ್ಟು ಅಂತಾರೆ. ಮಾಡೋರು, ಇದಕ್ಕೆ ಎಷ್ಟನೇ ನಂಬರ್ ಸೂಜಿ ಹಾಕಿದ್ರಿ ಅಂತಾರೆ. ಹಾಗೆ ಕೇಳಿಸಿಕೊಳ್ಳೋಕೇ ನಾವು ಇಷ್ಟು ಒದ್ದಾಡೋದು ಅಂತ ಒಂದೊಂದು ಸಲ ಅನ್ನಿಸತ್ತೆ. ಇಲ್ಲದಿದ್ರೆ ಆನ್‌ಲೈನಲ್ಲಿ ಇದಕ್ಕಿಂತ ನಾಜೂಕಾದ್ದು ನಾಳೆ ಬೆಳಿಗ್ಗೆ ಮನೆ ಬಾಗಿಲಿಗೇ ಬರತ್ತೆ.

— ನೀನೇನು ಮಾಡಿಕೊಟ್ಟೆ?

— ರೇಷ್ಮೆ ದಾರದ ಕೀ ಚೈನ್. ಸೀರೆ ಕುಚ್ಚಿನ ಥರ. ನಿಮ್ಮ ಕಾಲದಲ್ಲಿ ಏನು ಮಾಡ್ತಿದ್ರಿ?

— ಕಾರ್ಖಾನೆ ಬಸ್ಸಿನಲ್ಲಿ ಎಲ್ಲರ ಚೀಲದಲ್ಲೂ ಕ್ರೋಷಾ ಕಡ್ಡಿ ಇರೋದು. ಆಮೇಲೆ ಪ್ಲಾಸ್ಟಿಕ್ ವೈರಿನ ಬುಟ್ಟಿ ಬಂತು. ತಮಿಳು ಹೆಂಗಸೊಬ್ಬರು ನೆಲ್ಲಿಕಾಯಿ ಗಂಟು ಹೇಳಿಕೊಟ್ರು, ನಾನು ಅವರಿಗೆ ಗೆಜ್ಜೆವಸ್ತ್ರ ಹೇಳಿಕೊಟ್ಟೆ. ವಸ್ತುವಿಗಿಂತ ಜಾಸ್ತಿ ಬದಲಾಯಿಸ್ತಿದ್ದದ್ದು ಮಾದರಿಗಳನ್ನ. ಒಬ್ಬಳು ಹೊಸ ಲೇಸ್ ಕಲಿತ್ರೆ ಎರಡು ಬೆರಳಗಲ ಹೆಣೆದ ತುಂಡು ತಂದು ಕೊಡೋಳು. ಮಾತಿಲ್ಲ ಕತೆಯಿಲ್ಲ. ತುಂಡು ನೋಡಿದ್ರೆ ಕೈಗೆ ಗೊತ್ತಾಗೋದು.

— ಇದನ್ನೇ ಬೇರೆ ಕಡೆ ಒಂದು ಚಳವಳಿಯಾಗಿ ಮಾಡಿದಾರೆ ಅತ್ತೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಸ್ಟಿರ್ನೆಮನ್ ಅನ್ನೋ ಕಲಾವಿದ 1997ರಲ್ಲಿ ಶುರು ಮಾಡಿದ್ದು. ಇಸ್ಪೀಟ್ ಎಲೆಯಷ್ಟು ದೊಡ್ಡ ಕಾರ್ಡು, 64 ಮಿಲಿಮೀಟರ್ ಅಗಲ, 89 ಮಿಲಿಮೀಟರ್ ಉದ್ದ. ಅದರ ಮೇಲೆ ಏನು ಬೇಕಾದ್ರೂ ಬರೀಬಹುದು, ಅಂಟಿಸಬಹುದು, ಹೊಲೀಬಹುದು. ಅಳತೆ ಮಾತ್ರ ತಪ್ಪೋ ಹಾಗಿಲ್ಲ, ಮಾರೋ ಹಾಗಿಲ್ಲ. ಎದುರುಬದುರು ಕೂತು ಬದಲಾಯಿಸ್ಕೊಳ್ಳೋದೇ ಅದರ ಮೂಲ ಉದ್ದೇಶ.

— ಅಳತೆ ಒಂದೇ ಇರಲಿ ಅಂದದ್ದು ಜಾಣತನ. ದೊಡ್ಡದು ಕೊಟ್ಟೆ, ಚಿಕ್ಕದು ಬಂತು ಅನ್ನೋ ಜಗಳ ಬಾಗಿಲಲ್ಲೇ ನಿಂತುಹೋಗತ್ತೆ.

— ಇದಕ್ಕಿಂತ ಹಳೇದೊಂದಿದೆ. ನ್ಯೂಗಿನಿಯ ಪಕ್ಕದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಕುಲಾ ಅಂತ ಒಂದು ಪದ್ಧತಿ. ಮಲಿನೋವ್‌ಸ್ಕಿ ಅನ್ನೋ ಮಾನವಶಾಸ್ತ್ರಜ್ಞ ಅಲ್ಲೇ ಉಳಿದು ನೋಡಿ 1922ರಲ್ಲಿ ಅದರ ಮೇಲೆ ಪುಸ್ತಕ ಬರೆದ. ಕೆಂಪು ಚಿಪ್ಪಿನ ಹಾರ ದ್ವೀಪದಿಂದ ದ್ವೀಪಕ್ಕೆ ಬಲಸುತ್ತು ಹೋಗತ್ತೆ, ಬಿಳಿ ಚಿಪ್ಪಿನ ತೋಳ್ಬಂದಿ ಎಡಸುತ್ತು ಬರತ್ತೆ. ದೋಣಿ ಕಟ್ಟಿಕೊಂಡು ಸಮುದ್ರ ದಾಟಿ ಹೋಗಿ ಕೊಡ್ತಾರೆ. ಯಾರೂ ತುಂಬಾ ದಿನ ಇಟ್ಕೊಳ್ಳೋ ಹಾಗಿಲ್ಲ. ತಮಾಷೆ ಏನು ಗೊತ್ತಾ? ಅದೇ ಪ್ರಯಾಣದಲ್ಲಿ ತೆಂಗಿನಕಾಯಿ, ಮಡಕೆ ಎಲ್ಲದರ ವ್ಯಾಪಾರವೂ ನಡೆಯತ್ತೆ, ಅಲ್ಲಿ ಜೋರು ಚೌಕಾಸಿ. ಕುಲಾದಲ್ಲಿ ಮಾತ್ರ ಚೌಕಾಸಿ ಮಾಡಿದವನನ್ನ ಜನ ಆಡ್ಕೊಳ್ತಾರೆ.

— ಎರಡನ್ನೂ ಬೇರೆ ಬೇರೆ ಇಟ್ಟಿದ್ದಾರೆ ಅನ್ನು. ಸರಿಯಾಗೇ ಇದೆ. ಆದರೆ ಎರಡೂ ಇತ್ತಲ್ಲ, ಅದನ್ನ ಮರೀಬೇಡ.

— ನನಗೆ ಇಷ್ಟ ಆಗೋದು ಆ ಕುಲಾ ಭಾಗವೇ. ದುಡ್ಡಿಲ್ಲದ, ಬೆಲೆ ಕಟ್ಟದ ಒಂದು ಮೂಲೆ. ಇಡೀ ದಿನ ಆಫೀಸಲ್ಲಿ ಗಂಟೆ ಲೆಕ್ಕ ಬರೀತೀವಿ, ಯಾವ ಪ್ರಾಜೆಕ್ಟಿಗೆ ಎಷ್ಟು ಅಂತ. ಸಾಯಂಕಾಲ ಕೂತು ಒಂದು ಕುಚ್ಚು ಕಟ್ಟಿದ್ರೆ ಅದು ಯಾರ ಲೆಕ್ಕಕ್ಕೂ ಸೇರಲ್ಲ.

— ದುಡ್ಡು ಬೇಡ ಅನ್ನೋದು ದುಡ್ಡಿರೋರ ಮಾತು ಕಣೆ.

— ಅಂದ್ರೆ?

— ನಮ್ಮ ಮೇಲ್ಮನೆ ಬಾಡಿಗೆಗೆ ಒಬ್ಬಳಿದ್ದಾಳೆ. ಪೀಣ್ಯದಲ್ಲಿ ಗಾರ್ಮೆಂಟ್ಸ್ ಕೆಲಸ. ರಾತ್ರಿ ಬಂದು ಅಡುಗೆ ಮುಗಿಸಿ ಸೀರೆ ಕುಚ್ಚು ಕಟ್ತಾಳೆ. ಕ್ರೋಷಾ ಕುಚ್ಚು, ಮಣಿ ಕುಚ್ಚು, ಬೇಬಿ ಕುಚ್ಚು, ಯಾವುದು ಹೇಳಿದ್ರೂ ಸೈ. ಸೆರಗಿನ ಎಳೆಗಳನ್ನ ಸಮಸಮ ಬಿಡಿಸಿ, ಗಂಟು ಸಾಲು ತಪ್ಪದ ಹಾಗೆ ಕಟ್ಟೋದಕ್ಕೆ ಎಷ್ಟು ಹೊತ್ತು ಬೇಕು, ನಿನಗೇ ಗೊತ್ತು. ಸೀರೆ ತಂದು ಕೊಡೋರು ಏನಂತಾರೆ? ಕುಚ್ಚಿಗೆ ಇಷ್ಟೊಂದಾ, ಬರೀ ದಾರ ತಾನೆ ಅಂತಾರೆ. ಆ ದಾರವನ್ನೇ ನೀನು ಒಂಬತ್ತು ಜನಕ್ಕೆ ಕೊಟ್ಟಾಗ ಕಲೆ ಅಂತೀರಿ.

— ನಾನು ಹಾಗನ್ನಲ್ಲ.

— ನೀನು ಅನ್ನಲ್ಲ. ನಿನ್ನ ಒಂಬತ್ತು ಜನದಲ್ಲಿ ಎಷ್ಟು ಜನ ಕುಚ್ಚಿನವಳ ಹತ್ತಿರ ಚೌಕಾಸಿ ಮಾಡಿರ್ತಾರೆ, ಕೇಳು.

— ಕೇಳಿದ್ರೆ ಮುಂದಿನ ಸಲ ಯಾರೂ ಬರಲ್ಲ. ಆದರೆ ಅತ್ತೆ, ಹಳೇ ಪದ್ಧತಿಯೂ ಈ ವಿಷಯದಲ್ಲಿ ಸಾಚಾ ಅಲ್ಲ. ಗೌರಿ ಹಬ್ಬದ ಮೊರದ ಬಾಗಿನ ತಗೊಳ್ಳಿ. ಅರಿಶಿನ, ಕುಂಕುಮ, ಬಳೆ, ಕರಿಮಣಿ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ರವಿಕೆ ಕಣ, ಅಕ್ಕಿ, ಬೇಳೆ, ಬೆಲ್ಲ, ಎಲ್ಲ ತುಂಬಿಸಿ, ಮೇಲೊಂದು ಮೊರ ಮುಚ್ಚಿ ಒಬ್ಬರಿಗೊಬ್ಬರು ಕೊಡ್ತಾರೆ. ಆ ಮೊರ ಹೆಣೆದವಳು ಮೇದರ ಹೆಂಗಸು. ಬಿದಿರು ಸೀಳಿ, ಕೈ ಕೊಯ್ಕೊಂಡು, ಹಬ್ಬದ ಮುಂಚೆ ಫುಟ್‌ಪಾತಿನಲ್ಲಿ ಇಟ್ಕೊಂಡು ಮಾರ್ತಾಳೆ. ಅವಳಿಗೆ ಯಾರು ಬಾಗಿನ ಕೊಡ್ತಾರೆ?

— ಅವಳಿಗೆ ದುಡ್ಡು ಕೊಡ್ತಾರೆ. ಅದು ಬೇಕಾದ್ದೇ. ಹಳ್ಳಿಗಳಲ್ಲಿ ಆಯ ಅಂತ ಇತ್ತು. ಕಮ್ಮಾರ, ಬಡಗಿ, ಕುಂಬಾರ, ಅಗಸ ಇವರಿಗೆಲ್ಲ ಸುಗ್ಗಿಯಲ್ಲಿ ಕಣದಿಂದಲೇ ರಾಗಿ, ಭತ್ತ ಅಳೆದು ಕೊಡೋರು. ವರ್ಷವಿಡೀ ಕುಡುಗೋಲು ತಟ್ಟಿದ್ದಕ್ಕೆ, ನೇಗಿಲು ಮಾಡಿದ್ದಕ್ಕೆ. ಅದನ್ನ ಕೊಡುಕೊಳ್ಳುವಿಕೆ ಅಂತ ಈಗ ಹೊಗಳಿ ಬರೀತಾರೆ. ಅಳತೆ ಕೊಳಗ ಮಾತ್ರ ಗೌಡನ ಕೈಯಲ್ಲಿರ್ತಿತ್ತು.

— ಹಾಗಾದ್ರೆ ಒಪ್ಪಿದ್ರಿ.

— ಒಪ್ಪಿದೆ. ಮೊರದ ವಿಷಯ ಎತ್ತಿದ್ದೀಯ, ಇನ್ನೂ ಒಂದು ಹೇಳ್ತೀನಿ. ನಿಮ್ಮ ಮಾವ ಹೋದ ಮೇಲೆ ನನಗೆ ಯಾರೂ ಮೊರ ಕೊಟ್ಟಿಲ್ಲ. ನಾನು ಕೊಟ್ಟರೂ ತಗೊಳ್ಳೋರಿಲ್ಲ. ಅದೇ ಜನ ಶ್ರಾವಣ ಬರ್ತಿದ್ದ ಹಾಗೆ ಹತ್ತಿ ತಂದು ಕೊಟ್ಟು ಹೋಗ್ತಾರೆ, ನಿಮ್ಮ ಕೈಯಲ್ಲಿ ಎಳೆ ಚೆನ್ನಾಗಿ ಬರತ್ತೆ, ಗೆಜ್ಜೆವಸ್ತ್ರ ಮಾಡಿಕೊಡಿ ಅಂತ. ಗಣಪತಿಗೆ 21 ಎಳೆಯದ್ದು, ಲಕ್ಷ್ಮಿಗೆ ಜರಿ ಸುತ್ತಿದ್ದು. ಹೂಬತ್ತಿ ಡಬ್ಬಿಗಟ್ಟಲೆ. ಹಿಂದಿನವರ ಮನೆಗಳಲ್ಲೂ ಮೂಲೆಯಲ್ಲಿ ಕೂತು ಬತ್ತಿ ಹೊಸೀತಿದ್ದವರು ಗಂಡ ಇಲ್ಲದ ಅಜ್ಜಿಯರೇ. ಬತ್ತಿ ಬೇಕು, ಬಾಗಿನಕ್ಕೆ ಬೇಡ.

— ನಮ್ಮ ಹತ್ತು ಜನದಲ್ಲಿ ಯಾರಿಗೆ ಗಂಡ ಇದ್ದಾನೆ, ಯಾರಿಗಿಲ್ಲ ಅನ್ನೋದು ನನಗೆ ಗೊತ್ತೂ ಇಲ್ಲ.

— ಅದಕ್ಕೇ ನಿಮ್ಮದು ನನಗೆ ಹಿಡಿಸಿದ್ದು. ಎಳ್ಳು ಬೀರೋದೂ ಅಷ್ಟೇ. ಮಕ್ಕಳು ತಟ್ಟೆ ಹಿಡ್ಕೊಂಡು ಯಾರ ಮನೆಗೆ ಬೇಕಾದ್ರೂ ಹೋಗ್ತಾವೆ. ಅದಕ್ಕೇ ಸಂಕ್ರಾಂತಿ ಅಂದ್ರೆ ನನಗೆ ಗೌರಿಗಿಂತ ಒಂದು ಕೈ ಮೇಲೆ.

— ಆದರೆ ನಮ್ಮ ಅಪಾರ್ಟ್‌ಮೆಂಟಿಂದ ಎಳ್ಳು ಗೇಟು ದಾಟಿ ಹೋಗಲ್ಲ ಅತ್ತೆ. ಅದು ನನಗೆ ಇತ್ತೀಚೆಗೆ ಚುಚ್ಚೋಕೆ ಶುರುವಾಗಿದೆ. ಸರ್ಕಾರಿ ಕಂಪನಿ ಕಿಯೋನಿಕ್ಸ್‌ನವರು 1978ರಲ್ಲಿ ಎಲೆಕ್ಟ್ರಾನಿಕ್ ಸಿಟಿ ಮಾಡಿದ್ದು ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆ ಜಮೀನಲ್ಲಿ. ಆ ಊರುಗಳು ಈಗಲೂ ಕಂಪನಿಗಳ ಬೆನ್ನಿಗೇ ಇವೆ. ಸಂಕ್ರಾಂತಿ ದಿನ ಅಲ್ಲಿ ಅವರದ್ದು ಅವರು ಬೀರ್ತಾರೆ, ಕಾಂಪೌಂಡ್ ಒಳಗೆ ನಾವು ನಮ್ಮದು. ನಡುವೆ ಒಂದು ಗೋಡೆ, ಒಬ್ಬ ಸೆಕ್ಯೂರಿಟಿ.

— ಆ ಸೆಕ್ಯೂರಿಟಿಗೆ ಎಳ್ಳು ಕೊಟ್ರಾ?

— ಕೊಟ್ವಿ. ಅವರಿಂದ ತಗೊಳ್ಳಲಿಲ್ಲ.

— ಅಲ್ಲೇ ಇರೋದು ಎಡವಟ್ಟು. ಕೊಟ್ಟದ್ದು ದಾನ ಆಯ್ತು. ಬೀರೋದು ಅಂದ್ರೆ ತಟ್ಟೆ ವಾಪಸ್ ಬರ್ಬೇಕು, ಅವರ ಮನೆಯ ಎಳ್ಳು ತುಂಬ್ಕೊಂಡು. ಬೇರೆಯವರ ಡಬ್ಬಿ ಖಾಲಿ ವಾಪಸ್ ಕೊಡಬಾರದು, ಒಂದು ಚಮಚ ಸಕ್ಕರೆಯಾದ್ರೂ ಹಾಕಿ ಕೊಡು ಅಂತ ನಿಮ್ಮಜ್ಜಿ ಬೈತಿದ್ದದ್ದು ನೆನಪಿದೆಯಾ? ಅದು ಬರೀ ಮರ್ಯಾದೆಯ ಮಾತಲ್ಲ. ಖಾಲಿ ಡಬ್ಬಿ ಕೊಟ್ಟವಳು ಕೆಳಗೆ ಕೂತ ಹಾಗೆ. ಸಕ್ಕರೆ ಹಾಕಿದವಳು ಎದುರಿಗೆ ಕೂತ ಹಾಗೆ.

— ನಮ್ಮಲ್ಲಿ ಇನ್ನೊಂದು ತಕರಾರು ಎದ್ದಿತ್ತು. ಒಬ್ಬರು ಬಿಸಿ ಅಂಟು ಹಾಕಿ ಎರಡು ಗುಂಡಿ ಅಂಟಿಸಿ ಹೂವು ಅಂತ ಕೊಟ್ರು. ಇನ್ನೊಬ್ಬರು ಟೆರಾಕೋಟ ಓಲೆ, ಸುಟ್ಟು ಬಣ್ಣ ಹಾಕಿದ್ದು. ಓಲೆಯವರಿಗೆ ಗುಂಡಿ ಬಂತು. ಗ್ರೂಪಿನಲ್ಲಿ ಎರಡು ದಿನ ಮೌನ. ಆಮೇಲೆ ಯಾರೋ ನಿಯಮ ಬರೆಯೋಣ ಅಂದ್ರು. ಕನಿಷ್ಠ ಇಷ್ಟು ಗಂಟೆ ಕೆಲಸ, ಇಷ್ಟು ರೂಪಾಯಿ ಸಾಮಾನು.

— ಗಂಟೆ ಲೆಕ್ಕ ಬೇಡ ಅಂತ ಬಂದವರು ಮತ್ತೆ ಗಂಟೆಗೇ ಹೋದ್ರಿ!

— ಹೌದು! ಏನು ಮಾಡಬೇಕಿತ್ತು?

— ಗುಂಡಿಯವಳನ್ನ ಓಲೆಯವಳ ಪಕ್ಕ ಕೂರಿಸಬೇಕಿತ್ತು. ಅವಳಿಗೆ ಬರಲ್ಲ, ಅಷ್ಟೇ. ನಿಯಮ ಬರೆದ್ರೆ ಬರದೇ ಇರೋಳು ಮುಂದಿನ ಸಲ ಬರಲ್ಲ. ಬರೋರು ಬರೋರೇ ಸೇರಿ ಒಬ್ಬರ ಬೆನ್ನು ಒಬ್ಬರು ತಟ್ಕೊಂಡು ಕೂರ್ತೀರಿ. ಗಿಣಿಯ ಕೊಕ್ಕು ಮುರಿದದ್ದನ್ನೂ ತಟ್ಟೆಯಲ್ಲಿ ಇಟ್ಟು ಕಳಿಸ್ತಿದ್ರು, ಎಳ್ಳಿನ ಕೆಳಗೆ ಸ್ವಲ್ಪ ಮುಚ್ಚಿ. ತಗೊಂಡವರು ಏನೂ ಅಂತಿರಲಿಲ್ಲ. ಮಾರನೇ ವರ್ಷ, ಪಾಕ ಮಾಡೋವಾಗ ಬಾ ಅಂತ ಕರೀತಿದ್ರು.

— ಸೋಮಾರಿತನ ಮಾಡಿ ಗುಂಡಿ ಅಂಟಿಸಿದ್ರೆ?

— ಅದು ಗೊತ್ತಾಗತ್ತೆ. ಕೈ ಬರದೇ ಇರೋದು ಬೇರೆ, ಕೈ ಹಾಕದೇ ಇರೋದು ಬೇರೆ. ಮಾಡೋರ ಕಣ್ಣಿಗೆ ಈ ವ್ಯತ್ಯಾಸ ಕಾಣದೇ ಇದ್ರೆ ಅವರ ಕಸೂತಿಯೇ ಸುಳ್ಳು.

— ನಿಮ್ಮ ಮೇಲ್ಮನೆಯವರನ್ನ ನಮ್ಮ ಹತ್ತರಲ್ಲಿ ಸೇರಿಸ್ಕೊಳ್ಳಲಾ? ಪೀಣ್ಯದಿಂದ ಎಲೆಕ್ಟ್ರಾನಿಕ್ ಸಿಟಿ ಅಂದ್ರೆ ಮೊದಲಾದ್ರೆ ಅರ್ಧ ದಿನದ ಕೆಲಸ. 2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೊ ಬಂದ ಮೇಲೆ ಆರ್‌.ವಿ. ರಸ್ತೆಯಲ್ಲಿ ಬದಲಾಯಿಸಿದ್ರೆ ಸಾಕು.

— ಮೆಟ್ರೊ ಇದೆ, ಅವಳಿಗೆ ಹೊತ್ತಿಲ್ಲವಲ್ಲ. ವಾರಕ್ಕೆ ಒಂದು ಭಾನುವಾರ, ಅದರಲ್ಲಿ ಬಟ್ಟೆ ಒಗೆಯೋದು, ಮಗನ ಸ್ಕೂಲಿನ ಕೆಲಸ. ಒಂಬತ್ತು ಕುಚ್ಚು ಪುಕ್ಕಟೆ ಕಟ್ಟೋ ಹೊತ್ತಿನಲ್ಲಿ ಒಂದು ಸೀರೆ ಮುಗಿದು ಕೈಗೆ ದುಡ್ಡು ಬರತ್ತೆ. ನೀನು ಪ್ರೀತಿಯಿಂದ ಕರೀತೀಯ, ಅವಳು ಸಂಕೋಚಕ್ಕೆ ಒಪ್ತಾಳೆ, ಆ ವಾರದ ಗ್ಯಾಸಿಗೆ ಸಾಲ ಮಾಡ್ತಾಳೆ.

— ಅತ್ತೆ, ಇಲ್ಲಿ ನಾನು ನಿಮ್ಮನ್ನ ಒಪ್ಪಲ್ಲ. ಅವರನ್ನ ನಾನೂ ಮಾತಾಡಿಸಿದೀನಿ. ಹೋದ ಸಲ ಬಂದಾಗ ಮೆಟ್ಟಿಲ ಮೇಲೆ ಸಿಕ್ಕಿದ್ರು. ಕೆಲಸಕ್ಕೆ ಸೇರಿದಾಗಿಂದ ಕಾಲರ್ ಬ್ಯಾಚಲ್ಲೇ ಇದ್ದಾರಂತೆ. ದಿನವಿಡೀ ಕಾಲರ್, ಗಂಟೆಗೆ ಇಷ್ಟು ಪೀಸ್ ಅಂತ ಪ್ರೊಡಕ್ಷನ್. ಪೂರ್ತಿ ಶರ್ಟನ್ನ ಅವರು ಹೊಲಿದೇ ಇಲ್ಲ. ತಾನು ಹೊಲಿದ ಕಾಲರ್ ಯಾವ ಶರ್ಟಿಗೆ ಹೋಯ್ತು, ಯಾವ ದೇಶಕ್ಕೆ ಹೋಯ್ತು ಅಂತ ಗೊತ್ತಿಲ್ಲ. ಟೈಲರ್ ಅಂಗಡಿಯ ಚೂರು ಬಟ್ಟೆ ಸೇರಿಸಿ ಮಗನಿಗೆ ಒಂದು ಪೆನ್ಸಿಲ್ ಚೀಲ ಹೊಲಿದಿದ್ರು, ಅದನ್ನ ತೋರಿಸಿದ್ರು. ಜಿಪ್ ಹಾಕಿದ ರೀತಿ ನೋಡಿ ನಾನು ತಿರುಗಿಸಿದೆ. ಒಳಗಡೆ ಒಂದು ದಾರ ಆಚೆ ಬಂದಿರಲಿಲ್ಲ. ಅವರೂ ಆ ಬಂಗಾಳಿ ಹೆಂಗಸಿನ ಥರವೇ ನಕ್ಕರು.

— ತಿರುಗಿಸಿ ನೋಡಿದೆಯಾ?

— ನೋಡಿದೆ. ಅವರಿಗೆ ದುಡ್ಡು ಬೇಕು, ನಿಜ. ದುಡ್ಡು ಮಾತ್ರ ಸಾಕು ಅಂತ ನಾವೇ ತೀರ್ಮಾನ ಮಾಡಿದ್ರೆ ಅದೂ ಒಂಥರಾ ಗೇಟೇ ಅಲ್ವಾ?

— ಹೂಂ. ಆ ಚೀಲ ನನಗೆ ತೋರಿಸಿಲ್ಲ ಅವಳು. ಬಾಡಿಗೆ ಮನೆಯವಳು, ನಾನು ಓನರ್. ಹೀಗೆ ಮಾಡು. ಅವಳ ಹತ್ತಿರ ಒಂಬತ್ತು ಕೇಳಬೇಡ. ಒಂದೇ ಕೇಳು. ಒಂದು ಪೂರ್ತಿ ಚೀಲ, ಅವಳಿಗೆ ಮನಸ್ಸಾದ ಬಣ್ಣದ್ದು. ಅದಕ್ಕೆ ಬದಲು ನಿನ್ನದು ಒಂದು ಕೊಡು. ಇಲ್ಲಿಗೇ ಬಂದು ಕೊಡು, ಅವಳನ್ನ ಅಲ್ಲಿಗೆ ಓಡಾಡಿಸಬೇಡ.

— ಮತ್ತೆ ಕುಚ್ಚು?

— ಕುಚ್ಚು ಬೇರೆ. ನಿನ್ನ ಒಂಬತ್ತು ಜನದ ಸೀರೆಗಳು ಎಲ್ಲಿ ಕುಚ್ಚಿಗೆ ಹೋಗ್ತಿವೆ ಕೇಳು. ಇವಳ ಹತ್ತಿರ ಬರಲಿ. ಕೇಳಿದಷ್ಟು ಕೊಡಲಿ, ಒಂದು ರೂಪಾಯಿಯೂ ಇಳಿಸಬಾರದು. ಕುಚ್ಚು ಕಟ್ಟೋದು ಎಷ್ಟು ಹೊತ್ತಿನ ಕೆಲಸ ಅಂತ ಈಗ ಅವರಿಗೂ ಗೊತ್ತಲ್ಲ, ನೀನು ಕೊಟ್ಟ ಕೀ ಚೈನ್ ನೋಡಿ. ಆ ದ್ವೀಪದವರು ಮಾಡಿದ ಹಾಗೆ ಎರಡನ್ನೂ ಬೇರೆ ಇಡು. ಅವರು ತೆಂಗಿನಕಾಯಿಗೆ ಚೌಕಾಸಿ ಮಾಡ್ತಿದ್ರು, ನೀವು ಅದನ್ನೂ ಬಿಡಿ.

— ನೀವೂ ಒಂದು ಕೊಡಿ ಅತ್ತೆ. ಗೆಜ್ಜೆವಸ್ತ್ರ. ಒಂಬತ್ತು ಬೇಡ ಅಂದ್ರೆ ಒಂದೇ.

— ನಾನು ಒಂಬತ್ತೂ ಕೊಡ್ತೀನಿ. ನನಗೆ ಹೊತ್ತಿದೆ, ಪೆನ್ಷನ್ ಇದೆ. ಆದರೆ ಒಂದು ಮಾತು ಬರೆದು ಕಳಿಸು: ಇದು ಹತ್ತಿ, ನೀರು ತಾಗಿಸಬೇಡಿ. ಹೇಗೆ ಮಾಡೋದು ಅಂತ ಕಲೀಬೇಕು ಅನ್ನೋರು ಯಾವ ಭಾನುವಾರ ಬೇಕಾದ್ರೂ ದಾಸರಹಳ್ಳಿಗೆ ಬರಬಹುದು. ಬರೋವಾಗ ತಮ್ಮ ಕೈಯಲ್ಲಿ ಮಾಡಿದ್ದು ಏನಾದ್ರೂ ಒಂದು ತರಲಿ.